ಕೆಟ್ಟ ದಿನದ ಲೆಕ್ಕ: ನಿಗಾ ವ್ಯವಸ್ಥೆಗೆ ಎಷ್ಟು ದೊಡ್ಡ ಡೇಟಾಬೇಸ್ ಸರ್ವರ್ ಬೇಕು?

ಅರಸೀಕೆರೆಯ ತಾಲ್ಲೂಕು ಕಚೇರಿಗಾಗಲಿ ಹಳೇಬೀಡಿನ ನಾಡಕಚೇರಿಗಾಗಲಿ, ಪಹಣಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ಹೋದವರಿಗೆ ಒಮ್ಮೆಯಾದರೂ ಸಿಕ್ಕಿರುವ ಉತ್ತರ ‘ಸರ್ವರ್ ಡೌನ್’. ಹಾಗೆ ಹೇಳುವ ಸಿಬ್ಬಂದಿಗೂ ನಿಜವಾದ ಕಾರಣ ಎಷ್ಟೋ ಸಲ ಗೊತ್ತಿರುವುದಿಲ್ಲ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಮುಗಿದಿರಬಹುದು. ಸಿಡಿಲಿಗೆ ಸ್ವಿಚ್ ಸುಟ್ಟಿರಬಹುದು. ರಸ್ತೆ ಅಗೆಯುವಾಗ ಫೈಬರ್ ತುಂಡಾಗಿರಬಹುದು. ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ತಂತ್ರಾಂಶವೇ ಏದುಸಿರು ಬಿಡುತ್ತಿರಬಹುದು. ಕೌಂಟರಿನ ಈಚೆ ನಿಂತ ರೈತನಿಗೆ ಇವೆಲ್ಲದರ ಪರಿಣಾಮ ಒಂದೇ: ಇನ್ನೊಂದು ದಿನದ ಬಸ್ ಚಾರ್ಜು, ಇನ್ನೊಂದು ದಿನದ ಕೂಲಿ ನಷ್ಟ. ಸರಿಪಡಿಸಬೇಕಾದವರಿಗೆ ಮಾತ್ರ ಒಂದೊಂದು ಕಾರಣಕ್ಕೂ ಒಂದೊಂದು ಮದ್ದು. ಯಾವುದು ಕೆಟ್ಟಿದೆ, ಎಷ್ಟು ಗಂಟೆಗೆ ಕೆಟ್ಟಿತು, ಹಿಂದೆ ಎಷ್ಟು ಸಲ ಹೀಗಾಗಿದೆ ಎಂದು ಸಾಕ್ಷಿ ಸಮೇತ ಹೇಳಬಲ್ಲದ್ದು ಮಾಹಿತಿ ತಂತ್ರಜ್ಞಾನ ಸೌಕರ್ಯದ ಮೇಲೆ ಕಣ್ಣಿಟ್ಟಿರುವ ನಿಗಾ ವ್ಯವಸ್ಥೆ. ಅದರ ನೆನಪೆಲ್ಲ ಇರುವುದು ಡೇಟಾಬೇಸ್ ಸರ್ವರಿನಲ್ಲಿ. ಆ ಸರ್ವರನ್ನು ಎಷ್ಟು ದೊಡ್ಡದಾಗಿ ಕೊಳ್ಳಬೇಕು ಎಂದು ಲೆಕ್ಕ ಹಾಕುವ ನಮ್ಮ ರೂಢಿ ಎಷ್ಟರ ಮಟ್ಟಿಗೆ ಸರಿ ಎಂಬುದು ಈ ಬರಹದ ಪ್ರಶ್ನೆ.

ಇದು ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಬಿಟ್ಟುಬಿಡುವ ಹಾಗಿಲ್ಲ. ಭೂಮಿ ಯೋಜನೆಯ ಮೊದಲ ವರ್ಷಗಳಲ್ಲಿ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್ ಇತ್ತು. ಜಾಲ ಕೈಕೊಟ್ಟರೂ ಪಹಣಿ ಕೊಡಲು ಸಾಧ್ಯವಿತ್ತು. ಆಮೇಲೆ ದಾಖಲೆಗಳು ಕೇಂದ್ರಕ್ಕೆ ಹೋದವು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹರಡಿದ ಕೆಸ್ವಾನ್ ಜಾಲ, ಗ್ರಾಮ ಪಂಚಾಯಿತಿಗಳ ತನಕ ಎಳೆದ ಭಾರತ್‌ನೆಟ್ ಫೈಬರ್, ಹಳ್ಳಿಗಳ ಗ್ರಾಮ ಒನ್ ಕೇಂದ್ರಗಳು ಇವೆಲ್ಲ ಸೇರಿ ಊರಿನ ಕೆಲಸವನ್ನು ದೂರದ ಯಂತ್ರಕ್ಕೆ ಕಟ್ಟಿಹಾಕಿವೆ. ಕೇಂದ್ರೀಕರಣದಿಂದ ಲಾಭ ದೊಡ್ಡದು. ಒಂದು ಎಳೆ ಕಡಿದರೆ ಆಗುವ ನಷ್ಟವೂ ಅಷ್ಟೇ ದೊಡ್ಡದು. ಹೀಗಾಗಿ ಎಳೆ ಎಲ್ಲಿ ಕಡಿಯಿತೆಂದು ಬರೆದಿಡುವ ಯಂತ್ರದ ಅಳತೆ ಸಾರ್ವಜನಿಕರ ವಿಷಯವೇ ಆಗಿದೆ.

ಮೊದಲು ರೂಢಿಯ ಲೆಕ್ಕವನ್ನು ನೋಡೋಣ. ಮುಕ್ತ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಝ್ಯಾಬಿಕ್ಸ್ ಅನ್ನೇ ತೆಗೆದುಕೊಳ್ಳೋಣ. ಲಾಟ್ವಿಯಾದ ಅಲೆಕ್ಸೈ ವ್ಲಾದಿಶೆವ್ 1998ರಲ್ಲಿ ಶುರುಮಾಡಿ 2001ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ತಂತ್ರಾಂಶವಿದು. ಅದರ ಕೈಪಿಡಿಯಲ್ಲಿ ಡೇಟಾಬೇಸ್ ಗಾತ್ರಕ್ಕೆ ಒಂದು ಸೂತ್ರವಿದೆ. ಗಮನಿಸುವ ಅಂಶಗಳ ಸಂಖ್ಯೆಯನ್ನು ಎಷ್ಟು ಸೆಕೆಂಡಿಗೊಮ್ಮೆ ನೋಡುತ್ತೇವೋ ಅದರಿಂದ ಭಾಗಿಸಿದರೆ ಸೆಕೆಂಡಿಗೆ ಬರುವ ಮೌಲ್ಯಗಳ ಸಂಖ್ಯೆ ಸಿಗುತ್ತದೆ. ಅದನ್ನು ದಿನದ 86,400 ಸೆಕೆಂಡುಗಳಿಂದಲೂ, ಇಟ್ಟುಕೊಳ್ಳುವ ದಿನಗಳಿಂದಲೂ, ಒಂದು ಮೌಲ್ಯಕ್ಕೆ ತಗಲುವ ಸುಮಾರು 90 ಬೈಟ್‌ಗಳಿಂದಲೂ ಗುಣಿಸಬೇಕು. ಕೈಪಿಡಿಯ ಉದಾಹರಣೆಯಂತೆ 3,000 ಅಂಶಗಳನ್ನು ನಿಮಿಷಕ್ಕೊಮ್ಮೆ ನೋಡಿದರೆ ಸೆಕೆಂಡಿಗೆ 50 ಮೌಲ್ಯ, ದಿನಕ್ಕೆ 43,20,000 ಸಾಲು. 30 ದಿನಕ್ಕೆ ಸುಮಾರು 11 ಜಿಬಿ. ಪ್ರತಿ ಗಂಟೆಯ ಕನಿಷ್ಠ, ಸರಾಸರಿ, ಗರಿಷ್ಠಗಳನ್ನು ಮಾತ್ರ ಇಡುವ ‘ಟ್ರೆಂಡ್’ ಕೋಷ್ಟಕಕ್ಕೆ ಅಷ್ಟೇ ಅಂಶಗಳಿದ್ದರೆ ಐದು ವರ್ಷಕ್ಕೂ ಹೆಚ್ಚುಕಡಿಮೆ 11 ಜಿಬಿಯೇ ಸಾಕು. ಇದರ ಜೊತೆಗೆ ತೊಂದರೆ ಶುರುವಾದ, ಮುಗಿದ ಹೊತ್ತನ್ನು ದಾಖಲಿಸುವ ‘ಈವೆಂಟ್’ ಕೋಷ್ಟಕ.

ಈ ಸೂತ್ರದ ಗುಣವನ್ನು ಮನಸಾರೆ ಒಪ್ಪಬೇಕು. ಅದು ಪ್ರಾಮಾಣಿಕ. ಎಷ್ಟು ಸಾಧನ ಎಂದು ಕೇಳಿ ಸುಮ್ಮನಾಗದೆ, ಎಷ್ಟು ಅಂಶ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೇಳುತ್ತದೆ. ಹಸಿ ದಾಖಲೆ ಒಂದು ತಿಂಗಳು, ಗಂಟೆಯ ಸಾರಾಂಶ ಐದು ವರ್ಷ ಎಂಬ ವಿಭಾಗ ತುಂಬ ವಿವೇಕದ್ದು. ಎರಡಕ್ಕೂ ಒಂದೇ ಜಾಗ ಸಾಕು ಎನ್ನುವುದೇ ಅದರ ಬೆಲೆಯನ್ನು ಹೇಳುತ್ತದೆ. ಬೇರೆ ಪರಂಪರೆಗಳ ಜೊತೆಗಿಟ್ಟು ನೋಡಿದರೂ ಇದು ನಿಲ್ಲುತ್ತದೆ. ಟೋಬಿ ಒಟಿಕರ್ 1999ರಲ್ಲಿ ಹೊರತಂದ ಆರ್‌ಆರ್‌ಡಿ ಟೂಲ್‌ನಲ್ಲಿ ಕಡತದ ಗಾತ್ರ ಹುಟ್ಟುವಾಗಲೇ ನಿಗದಿಯಾಗುತ್ತದೆ, ಹಳೆಯದರ ಮೇಲೆ ಹೊಸದು ಬರೆಯುತ್ತ ಸುತ್ತುತ್ತದೆ; ಡಿಸ್ಕ್ ತುಂಬುವ ಭಯವಿಲ್ಲ, ಹಳೆಯ ವಿವರ ಮಾತ್ರ ಮರಳಿ ಸಿಗದು. ಇನ್ನೊಂದು ನಿಗಾ ತಂತ್ರಾಂಶವಾದ ಪ್ರೊಮಿಥಿಯಸ್ ಒಂದು ಮೌಲ್ಯವನ್ನು ಒಂದೆರಡು ಬೈಟ್‌ಗೆ ಒತ್ತಿಡುತ್ತದೆ. ಫೇಸ್‌ಬುಕ್ 2015ರಲ್ಲಿ ಪ್ರಕಟಿಸಿದ ಗೊರಿಲ್ಲಾ ವಿಧಾನದಲ್ಲಿ ಇದರ ಬೇರಿದೆ. 90 ಬೈಟ್ ಎಲ್ಲಿ, ಎರಡು ಬೈಟ್ ಎಲ್ಲಿ! ಆದರೆ ಪ್ರೊಮಿಥಿಯಸ್ ತಾನಾಗಿ ಇಟ್ಟುಕೊಳ್ಳುವುದು 15 ದಿನ ಮಾತ್ರ. ವರ್ಷಗಳ ದಾಖಲೆ, ಸಾಧನಗಳ ಪಟ್ಟಿ, ಯಾರಿಗೆ ಯಾವಾಗ ಎಚ್ಚರಿಕೆ ಹೋಯಿತೆಂಬ ಮಾಹಿತಿ ಒಂದೇ ಕಡೆ ಬೇಕಾದ ಸರ್ಕಾರಿ ಕಚೇರಿಗೆ ಸಾಮಾನ್ಯ ಡೇಟಾಬೇಸ್‌ನ ಮೇಲೆ ನಿಂತ ವ್ಯವಸ್ಥೆಯೇ ಅನುಕೂಲ ಎಂಬುದು ನನ್ನ ಅಭಿಪ್ರಾಯ.

ಸೂತ್ರ ಎಡವುವುದು ಮೊದಲನೆಯದಾಗಿ ಅದಕ್ಕೆ ನಾವು ಉಣಿಸುವ ಅಂಕಿಯಲ್ಲಿ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಚೇರಿಗಳಲ್ಲಿ ಒಟ್ಟು 120 ಸಾಧನಗಳಿವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದಕ್ಕೆ ಸರಾಸರಿ 25 ಅಂಶ ಎಂದು ಹಿಡಿದರೆ 3,000 ಅಂಶ. ಕೈಪಿಡಿಯ ಉದಾಹರಣೆಗೆ ಸರಿಹೊಂದಿತೆಂದು ಸಮಾಧಾನವಾಗುತ್ತದೆ. ಆದರೆ ಅವುಗಳಲ್ಲಿ 40 ಸಾಧನ 24 ಪೋರ್ಟಿನ ಸ್ವಿಚ್‌ಗಳಾದರೆ? ಸಿದ್ಧ ಟೆಂಪ್ಲೇಟ್ ಒಂದೊಂದು ಪೋರ್ಟಿಗೂ ಒಳಬರುವ ದಟ್ಟಣೆ, ಹೊರಹೋಗುವ ದಟ್ಟಣೆ, ದೋಷ, ಬಿಟ್ಟುಹೋದ ಪ್ಯಾಕೆಟ್, ವೇಗ, ಸ್ಥಿತಿ ಎಂದು ಸುಮಾರು ಒಂಬತ್ತು ಅಂಶಗಳನ್ನು ತಾನೇ ಹುಡುಕಿ ಸೇರಿಸಿಕೊಳ್ಳುತ್ತದೆ. ಪೋರ್ಟುಗಳಿಂದಲೇ 8,640 ಅಂಶ. ಸ್ವಿಚ್‌ನ ಸ್ವಂತ ಅಂಶಗಳು ತಲಾ 20, ಉಳಿದ 80 ಸಾಧನಗಳಿಗೆ ತಲಾ 25 ಸೇರಿಸಿದರೆ ಮೊತ್ತ 11,440. ಎಲ್ಲವನ್ನೂ ನಿಮಿಷಕ್ಕೊಮ್ಮೆ ನೋಡಿದರೆ 30 ದಿನಕ್ಕೆ 11 ಜಿಬಿ ಎಂದಿದ್ದದ್ದು 44 ಜಿಬಿ ದಾಟುತ್ತದೆ. ಸಣ್ಣ ಕಚೇರಿಯ 24 ಪೋರ್ಟುಗಳಲ್ಲಿ ಎಂಟಕ್ಕೆ ಮಾತ್ರ ತಂತಿ ಚುಚ್ಚಿದ್ದರೆ, ಬಾಕಿ 16 ಖಾಲಿ ತೂತುಗಳ ಸೊನ್ನೆಯನ್ನು ನಿಮಿಷಕ್ಕೊಮ್ಮೆ ಬರೆದಿಡುವ ಕೆಲಸ ಇದು. ತಂತಿಯಿಲ್ಲದ ಪೋರ್ಟನ್ನು ಹುಡುಕಾಟದಲ್ಲೇ ಸೋಸಿದರೆ ಅಂಶಗಳು ಅರ್ಧಕ್ಕೆ ಇಳಿಯುತ್ತವೆ. ಪೋರ್ಟಿನ ವೇಗದಂಥ ಅಪರೂಪಕ್ಕೆ ಬದಲಾಗುವ ಅಂಶವನ್ನು ‘ಬದಲಾದರೆ ಮಾತ್ರ ಬರೆ’ ಎಂದು ಹೇಳುವ ಸೌಲಭ್ಯವೂ ತಂತ್ರಾಂಶದಲ್ಲೇ ಇದೆ. ಸರ್ವರ್ ಕೊಳ್ಳುವ ಮೊದಲು ಈ ಸೋಸುವಿಕೆ ಆಗಬೇಕು. ಕೊಂಡ ಮೇಲೆ ಯಾರೂ ಮಾಡುವುದಿಲ್ಲ. ಜಾಗವಿದೆಯಲ್ಲ ಎಂಬ ಧೈರ್ಯ ಬಂದಿರುತ್ತದೆ.

ಎರಡನೆಯ ಕೊರತೆ ಇನ್ನೂ ಆಳದ್ದು. ಸೂತ್ರ ಹೇಳುವುದು ಗಾತ್ರವನ್ನು. ಸರ್ವರ್ ಸೋಲುವುದು ಸಾಮಾನ್ಯವಾಗಿ ಬರೆಯುವ, ಅಳಿಸುವ ವೇಗದಲ್ಲಿ. ಝ್ಯಾಬಿಕ್ಸ್ ಜೊತೆ ಬಳಸುವ ಮೈಎಸ್‌ಕ್ಯುಎಲ್ ಡೇಟಾಬೇಸಿನ ಇನ್ನೋಡಿಬಿಯಲ್ಲಿ ದತ್ತಾಂಶ 16 ಕೆಬಿಯ ಪುಟಗಳಲ್ಲಿ ಕೂರುತ್ತದೆ. ಝ್ಯಾಬಿಕ್ಸ್‌ನ ಈಚಿನ ಆವೃತ್ತಿಗಳಲ್ಲಿ ಒಂದೊಂದು ಅಂಶದ ಸಾಲುಗಳು ಹೊತ್ತಿನ ಅನುಕ್ರಮದಲ್ಲಿ ಒಟ್ಟಾಗಿರುತ್ತವೆ. ಅಂದರೆ ಹೊಸ ಮೌಲ್ಯಗಳೆಲ್ಲ ಒಂದೇ ಜಾಗಕ್ಕೆ ಬಂದು ಬೀಳುವುದಿಲ್ಲ, ಪ್ರತಿ ಅಂಶದ ಕೊನೆಯ ಪುಟಕ್ಕೂ ಹೋಗಿ ಸೇರಬೇಕು. 3,000 ಅಂಶಗಳ ಕೊನೆಯ ಪುಟಗಳೆಂದರೆ 48 ಎಂಬಿ. ಮೈಎಸ್‌ಕ್ಯುಎಲ್ ತಾನಾಗಿ ತೆಗೆದಿಡುವ 128 ಎಂಬಿ ಬಫರ್‌ನಲ್ಲಿ ಹಿಡಿಯುತ್ತವೆ. ಒಂದು ಲಕ್ಷ ಅಂಶಗಳಾದರೆ ಅದೇ 1.6 ಜಿಬಿ. ಬಫರನ್ನು ಹಿಗ್ಗಿಸದಿದ್ದರೆ ಪ್ರತಿ ಬರಹಕ್ಕೂ ಡಿಸ್ಕಿಗೆ ಹೋಗಿ ಪುಟ ತರಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಅಲ್ಲೊಂದು ಇಲ್ಲೊಂದು ಎಂಬಂತೆ ಓದಿ ಬರೆಯುವುದು ಸೆಕೆಂಡಿಗೆ ನೂರರ ಆಸುಪಾಸು. ಎಸ್‌ಎಸ್‌ಡಿಯಲ್ಲಿ ಅದು ಸಾವಿರಗಳ ಲೆಕ್ಕ. ನಾಲ್ಕು ಟಿಬಿ ಹಾರ್ಡ್‌ಡಿಸ್ಕಿಗಿಂತ ಅರ್ಧ ಟಿಬಿ ಎಸ್‌ಎಸ್‌ಡಿ ಈ ಕೆಲಸಕ್ಕೆ ಎಷ್ಟೋ ವಾಸಿ. ಸೂತ್ರವನ್ನಷ್ಟೇ ನಂಬಿದವರು ಇದಕ್ಕೆ ತದ್ವಿರುದ್ಧವಾದದ್ದನ್ನು ಕೊಳ್ಳುತ್ತಾರೆ.

ಅಳಿಸುವುದರ ಖರ್ಚನ್ನಂತೂ ಸೂತ್ರ ಎಣಿಸುವುದೇ ಇಲ್ಲ. ದಿನಕ್ಕೆ 43 ಲಕ್ಷ ಸಾಲು ಬರುವ ಕಡೆ, 30 ದಿನ ದಾಟಿದ ಮೇಲೆ ದಿನಕ್ಕೆ 43 ಲಕ್ಷ ಸಾಲು ಹೋಗಲೂ ಬೇಕು. ಝ್ಯಾಬಿಕ್ಸ್‌ನ ‘ಹೌಸ್‌ಕೀಪರ್’ ಇದನ್ನು ಗಂಟೆಗೊಮ್ಮೆ ಎದ್ದು ಮಾಡುತ್ತದೆ. ಅದು ಎದ್ದಾಗಲೆಲ್ಲ ಪರದೆ ತೆವಳತೊಡಗುವುದನ್ನು ಈ ಕೆಲಸದಲ್ಲಿರುವವರೆಲ್ಲ ಬಲ್ಲರು. ಸಾಲು ಅಳಿಸಿದ ಮಾತ್ರಕ್ಕೆ ಇನ್ನೋಡಿಬಿ ಆ ಜಾಗವನ್ನು ಕಡತದಿಂದ ಹೊರಗೆ ಬಿಟ್ಟುಕೊಡುವುದೂ ಇಲ್ಲ. ಇದಕ್ಕೆ ಹಳೆಯ, ನೆಚ್ಚಬಹುದಾದ ಪರಿಹಾರವಿದೆ: ಕೋಷ್ಟಕವನ್ನು ದಿನದ ಪ್ರಕಾರ ವಿಭಾಗ ಮಾಡಿ, ಅವಧಿ ಮುಗಿದ ವಿಭಾಗವನ್ನು ಇಡಿಯಾಗಿ ಕಿತ್ತುಹಾಕುವುದು. ಪೋಸ್ಟ್‌ಗ್ರೆಸ್ ಬಳಸುವವರಿಗೆ ಝ್ಯಾಬಿಕ್ಸ್‌ನ 2019ರ 4.2 ಆವೃತ್ತಿಯಿಂದ ಟೈಮ್‌ಸ್ಕೇಲ್‌ಡಿಬಿಯ ದಾರಿಯೂ ತೆರೆದಿದೆ. ಅದು ಹೊತ್ತಿನ ಪ್ರಕಾರ ತುಂಡು ಮಾಡುವುದಲ್ಲದೆ ಹಳೆಯ ತುಂಡುಗಳನ್ನು ಒತ್ತಿ ಕಿರಿದಾಗಿಸುತ್ತದೆ. ವಿಭಾಗ ಮಾಡದ ದೊಡ್ಡ ಸರ್ವರಿಗಿಂತ ವಿಭಾಗ ಮಾಡಿದ ಚಿಕ್ಕ ಸರ್ವರ್ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಮೂರನೆಯ ಕೊರತೆಯೇ ನನ್ನ ಮುಖ್ಯ ಆಕ್ಷೇಪಣೆ. ಸೂತ್ರ ಸರಾಸರಿ ದಿನದ್ದು. ನಿಗಾ ವ್ಯವಸ್ಥೆಯಿಂದ ನಿಜವಾದ ಪ್ರಯೋಜನವಿರುವುದು ಕೆಟ್ಟ ದಿನದಲ್ಲಿ. ಹಳೇಬೀಡಿನ ದ್ವಾರಸಮುದ್ರದಂಥ ಕೆರೆಗಳನ್ನು ನೋಡಿ: ಒಡಲಿನ ಅಳತೆ ಹೇಗೂ ಇರಲಿ, ಕೋಡಿಯ ಅಗಲವನ್ನು ನಿರ್ಧರಿಸುವುದು ವರ್ಷದ ಸರಾಸರಿ ಮಳೆಯಲ್ಲ, ಒಂದು ರಾತ್ರಿ ನುಗ್ಗಿ ಬರಬಹುದಾದ ನೀರು. ಕೋಡಿ ಸಾಲದಾದರೆ ಏರಿಯೇ ಒಡೆಯುತ್ತದೆ. ಡೇಟಾಬೇಸ್ ಸರ್ವರಿಗೂ ಈ ನ್ಯಾಯವೇ ಸಲ್ಲಬೇಕು.

ಈ ಮೂರು ಊರುಗಳೇ ಅದಕ್ಕೆ ಉದಾಹರಣೆ. ಅರಸೀಕೆರೆ ತೆಂಗಿನ ಸೀಮೆಯ ಬಯಲು ನಾಡು; ಅಲ್ಲಿ ಬೇಸಿಗೆಯ ಸೆಕೆ, ಕರೆಂಟಿನ ಏರಿಳಿತ ದೊಡ್ಡ ಸಮಸ್ಯೆ. ಬೇಲೂರು ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಮರ ಉರುಳುತ್ತದೆ, ಕಂಬ ವಾಲುತ್ತದೆ, ತಂತಿ ಹರಿಯುತ್ತದೆ. ಹಳೇಬೀಡು ಬೇಲೂರು ತಾಲ್ಲೂಕಿನ ಹೋಬಳಿ, ಬೇಲೂರಿನಿಂದ 16 ಕಿ.ಮೀ. ಆ ದಾರಿಯಲ್ಲಿ ಎಲ್ಲಿ ಫೈಬರ್ ತುಂಡಾದರೂ ಹೋಬಳಿಯ ಕೆಲಸ ನಿಂತಂತೆ. ಇಂಥ ಕಡೆಗೆಂದೇ ‘ಪ್ರಾಕ್ಸಿ’ ಎಂಬ ಚಿಕ್ಕ ಯಂತ್ರವನ್ನು ಸ್ಥಳದಲ್ಲೇ ಇಡುತ್ತಾರೆ. ಸಂಪರ್ಕ ಕಡಿದಾಗ ಅದು ಮೌಲ್ಯಗಳನ್ನು ತನ್ನಲ್ಲೇ ಕೂಡಿಟ್ಟು, ಸಂಪರ್ಕ ಬಂದ ಮೇಲೆ ಕೇಂದ್ರಕ್ಕೆ ಕಳಿಸುತ್ತದೆ. ಒಳ್ಳೆಯ ಏರ್ಪಾಡು. ಆದರೆ ಝ್ಯಾಬಿಕ್ಸ್ ಪ್ರಾಕ್ಸಿ ತಾನಾಗಿ ಕೂಡಿಟ್ಟುಕೊಳ್ಳುವುದು ಒಂದು ಗಂಟೆಯದ್ದು ಮಾತ್ರ. ಬೇಕೆಂದರೆ 720 ಗಂಟೆಗಳವರೆಗೆ ಏರಿಸಬಹುದು. ಇದನ್ನು ಬದಲಿಸದೆ ಬಿಟ್ಟರೆ ಇಡೀ ದಿನ ಸಂಪರ್ಕ ಕಡಿದಾಗ 23 ಗಂಟೆಗಳ ದಾಖಲೆ ಮಾಯ. ಏನಾಯಿತೆಂದು ತಿಳಿಯಬೇಕಾದ ದಿನದ ಪುಟವೇ ಖಾಲಿ.

ಬದಲಿಸಿದರೆ ಭಾರ ಕೇಂದ್ರದ ಮೇಲೆ ಬೀಳುತ್ತದೆ. ಸೆಕೆಂಡಿಗೆ 50 ಮೌಲ್ಯ ಬರುವ ಜಾಲ 24 ಗಂಟೆ ಕಡಿದು ಮತ್ತೆ ಸೇರಿದಾಗ ಬಾಕಿ ಇರುವುದು 43,20,000 ಸಾಲು. ಮಾಮೂಲಿನ 50 ಕೂಡ ಬರುತ್ತಲೇ ಇರುತ್ತದೆ. ಸರ್ವರ್ ಸೆಕೆಂಡಿಗೆ 60 ಬರೆಯಬಲ್ಲದಾದರೆ ಬಾಕಿ ತೀರಿಸಲು ಉಳಿಯುವುದು ಹತ್ತೇ. ಐದು ದಿನ ಬೇಕು. 150 ಬರೆಯಬಲ್ಲದಾದರೆ 12 ಗಂಟೆಯಲ್ಲಿ ಮುಗಿಯುತ್ತದೆ. ಗಾತ್ರದ ಸೂತ್ರದಲ್ಲಿ ಈ ಎರಡು ಸರ್ವರುಗಳಿಗೂ ವ್ಯತ್ಯಾಸವೇ ಇಲ್ಲ, ಎರಡಕ್ಕೂ 11 ಜಿಬಿಯೇ. ಬೇಲೂರಿನ ಸಿಬ್ಬಂದಿಯ ಪಾಲಿಗೆ ಐದು ದಿನ ಹಳೆಯ ಚಿತ್ರ ನೋಡುವುದಕ್ಕೂ ಮಾರನೆಯ ಬೆಳಿಗ್ಗೆ ನಿಜಸ್ಥಿತಿ ನೋಡುವುದಕ್ಕೂ ಇರುವ ವ್ಯತ್ಯಾಸ ಅದು.

ಜನದಟ್ಟಣೆಯ ದಿನಗಳೂ ಹೀಗೆಯೇ. 2024ರ ಆರಂಭದಲ್ಲಿ ಬೆಂಬಲ ಬೆಲೆಗೆ ಕೊಬ್ಬರಿ ಮಾರಲು ಹೆಸರು ನೋಂದಾಯಿಸಲು ಹಾಸನ, ತುಮಕೂರು ಜಿಲ್ಲೆಗಳ ತೆಂಗು ಬೆಳೆಗಾರರು ಸಾಲುಗಟ್ಟಿ ನಿಂತದ್ದನ್ನು ಈ ಭಾಗದವರು ಮರೆತಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ನಿಧಾನಗೊಂಡಾಗ, ದುರುದ್ದೇಶದ ಕೋರಿಕೆಗಳು ರಾಶಿ ರಾಶಿ ಬಂದು ಬಿದ್ದದ್ದು ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಜನ ಹೆಚ್ಚಾಗಿ ನಿಧಾನವಾಯಿತೋ, ದಾಳಿಯಿಂದ ನಿಧಾನವಾಯಿತೋ ಎಂದು ಬೇರ್ಪಡಿಸಬೇಕಾದರೆ ಮಾಮೂಲು ದಿನ ಹೇಗಿತ್ತೆಂಬ ದಾಖಲೆ ಕೈಯಲ್ಲಿರಬೇಕು. ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಎಂಬುದು ಗಂಟೆಯ ಸಾರಾಂಶದಲ್ಲಿ ಸಿಗುತ್ತದೆ. ಅದನ್ನು ಉಳಿಸುವುದು ಅಗ್ಗ, ಕಳೆದುಕೊಳ್ಳುವುದು ದುಬಾರಿ.

ಹಾಗಾದರೆ ಏನನ್ನು ಎಷ್ಟು ದಿನ ಇಡಬೇಕು? ಇಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ದೇಶದೊಳಗೆ ಇಟ್ಟುಕೊಳ್ಳಬೇಕೆನ್ನುತ್ತದೆ. ಅದನ್ನು ಓದಿ ಎಲ್ಲ ಅಂಶಗಳ ಹಸಿ ಮೌಲ್ಯಗಳನ್ನೂ 180 ದಿನಕ್ಕೆ ಏರಿಸುವವರಿದ್ದಾರೆ. ಯಾರು ಯಾವಾಗ ಒಳಹೊಕ್ಕರು ಎಂಬ ಲಾಗ್ ಬೇರೆ, ಯುಪಿಎಸ್ ಬ್ಯಾಟರಿಯ ಶೇಕಡಾವಾರು ಬೇರೆ. ಲಾಗ್‌ಗೆ ಅದರದೇ ಉಗ್ರಾಣ ಇರಲಿ. ನಿಗಾ ಡೇಟಾಬೇಸ್‌ಗೆ ಪಠ್ಯ ತುರುಕಿದರೆ 90 ಬೈಟ್‌ಗಳ ಲೆಕ್ಕವೇ ಮುರಿಯುತ್ತದೆ.

ಸಂಪರ್ಕ ಒದಗಿಸುವವರ ಜೊತೆಗಿನ ಕರಾರಿನ ವಿಚಾರವನ್ನೂ ನೋಡೋಣ. ಕರಾರಿನ ಲಭ್ಯತೆ ಶೇ. 99 ಎಂದರೆ 30 ದಿನದಲ್ಲಿ 7.2 ಗಂಟೆ ಸಂಪರ್ಕ ಇಲ್ಲದಿರಬಹುದು, ಶೇ. 99.5 ಎಂದರೆ 3.6 ಗಂಟೆ. ದಂಡ ಹಾಕಬೇಕಾದರೆ ಸಾಕ್ಷಿ ಬೇಕು. ಆ ಸಾಕ್ಷಿಗಾಗಿ ಹಸಿ ಮೌಲ್ಯಗಳನ್ನೆಲ್ಲ ವರ್ಷಗಟ್ಟಲೆ ಇಡಬೇಕಾಗಿಲ್ಲ. ಪಿಂಗ್ ಉತ್ತರ ಬಂದರೆ ಒಂದು, ಬಾರದಿದ್ದರೆ ಸೊನ್ನೆ ಎಂದು ಬರೆದ ಅಂಶದ ಗಂಟೆಯ ಸರಾಸರಿಯೇ ಆ ಗಂಟೆಯ ಲಭ್ಯತೆ. ನಿಖರ ನಿಮಿಷ ಬೇಕಾದರೆ ಈವೆಂಟ್ ಕೋಷ್ಟಕದಲ್ಲಿ ಕಡಿದ ಹೊತ್ತು, ಬಂದ ಹೊತ್ತು ಎರಡೂ ಇವೆ. ಹೀಗಾಗಿ ಉಳಿಸುವ ಅನುಕ್ರಮ ನನ್ನ ಪ್ರಕಾರ ಹೀಗಿರಬೇಕು: ಈವೆಂಟ್‌ಗಳನ್ನು ಕರಾರಿನ ಅವಧಿಯುದ್ದಕ್ಕೂ, ಟ್ರೆಂಡ್‌ಗಳನ್ನು ಐದು ವರ್ಷ, ಹಸಿ ಮೌಲ್ಯಗಳನ್ನು ಒಂದು ತಿಂಗಳು. ರೂಢಿಯಲ್ಲಿ ಇದು ತಲೆಕೆಳಗಾಗಿದೆ; ಹಸಿ ಮೌಲ್ಯಕ್ಕೆ ಟಿಬಿಗಟ್ಟಲೆ ಜಾಗ, ಈವೆಂಟ್‌ಗಳ ಬಗ್ಗೆ ಯೋಚನೆಯೇ ಇಲ್ಲ.

ಡಿಸ್ಕ್ ಅಗ್ಗವಾಗಿದೆ, ಕ್ಲೌಡ್ ಬಂದಿದೆ, ಬೇಕಾದಾಗ ಹಿಗ್ಗಿಸಿಕೊಂಡರಾಯಿತು, ಇಷ್ಟು ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ಖಾಸಗಿ ಕಂಪನಿಗೆ ಈ ಮಾತು ಒಪ್ಪಬಹುದು. ಸರ್ಕಾರಿ ಖರೀದಿ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಮೂಲಕ ನಡೆಯಬೇಕು. ಒಮ್ಮೆ ಬರೆದ ವಿವರಣೆಯೇ ಆ ಯಂತ್ರದ ಆಯುಷ್ಯವಿಡೀ ಹಣೆಬರಹ. ನಡುವೆ ಹಿಗ್ಗಿಸಬೇಕಾದರೆ ಕಡತ ಮತ್ತೆ ಮೊದಲ ಮೇಜಿನಿಂದ ಹೊರಡಬೇಕು. ಅದಕ್ಕೇ ಟೆಂಡರಿನಲ್ಲಿ ಇಷ್ಟು ಜಿಬಿ ರ್ಯಾಮ್, ಇಷ್ಟು ಟಿಬಿ ಡಿಸ್ಕ್ ಎಂದು ಬರೆದರೆ ಸಾಲದು. ಸೆಕೆಂಡಿಗೆ ಎಷ್ಟು ಮೌಲ್ಯ ಬರುತ್ತದೆ, ಒಂದು ದಿನದ ಬಾಕಿಯನ್ನು ಎಷ್ಟು ಗಂಟೆಯಲ್ಲಿ ತೀರಿಸಬೇಕು, ಹಳೆಯದನ್ನು ಯಾವ ವಿಧಾನದಲ್ಲಿ ತೆಗೆಯಬೇಕು ಎಂಬ ಮೂರು ಸಾಲು ಸೇರಬೇಕು. ಒಪ್ಪಿಸಿಕೊಳ್ಳುವ ಮೊದಲು ಸಂಪರ್ಕವನ್ನು ಬೇಕೆಂದೇ ಒಂದು ದಿನ ಕಡಿದು, ಮತ್ತೆ ಜೋಡಿಸಿ ಪರೀಕ್ಷಿಸಬೇಕು. ಬೆಂಗಳೂರಿನ ತಂಪು ಕೋಣೆಯಲ್ಲಿ ನಡೆಸುವ ಪ್ರಾತ್ಯಕ್ಷಿಕೆಗಿಂತ ಈ ಒಂದು ಪರೀಕ್ಷೆ ಹೆಚ್ಚು ಹೇಳುತ್ತದೆ.

ಒಟ್ಟಿನಲ್ಲಿ ನನ್ನ ತೀರ್ಮಾನವಿದು. ಕೈಪಿಡಿಯ ಸೂತ್ರ ಲೆಕ್ಕದ ಮೊದಲ ಹೆಜ್ಜೆಯಾಗಿ ಉತ್ತಮ. ಅದನ್ನು ಕೊನೆಯ ಹೆಜ್ಜೆಯೆಂದು ತಿಳಿದು ಸರ್ವರ್ ಕೊಳ್ಳುವ ರೂಢಿ ಕೆಟ್ಟದ್ದು. ಗಾತ್ರಕ್ಕೆ ಸೂತ್ರವನ್ನು ನಂಬಿ. ಬಲವನ್ನು ಮಾಮೂಲು ಹರಿವಿನ ಮೂರು ಪಟ್ಟಾದರೂ ಇಡಿ. ಪ್ರಾಕ್ಸಿಯ ಅವಧಿಯನ್ನು ಕನಿಷ್ಠ ಮೂರು ದಿನಕ್ಕೆ ಏರಿಸಿ. ದಿನದ ವಿಭಾಗವನ್ನು ಮೊದಲ ದಿನವೇ ಮಾಡಿ. ಏನನ್ನು ಮರೆಯಬೇಕೆಂದು ಕೊಳ್ಳುವ ಮೊದಲೇ ನಿರ್ಧರಿಸಿ. ಜಿಲ್ಲಾ, ತಾಲ್ಲೂಕು ಮಟ್ಟದಲ್ಲಿ ಈ ವಿವರಣೆಗಳನ್ನು ಬರೆಯುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಟೆಂಡರಿಗೆ ಮೊದಲು ಬೇಲೂರಿನಲ್ಲಿ ಕಳೆದ ಮಳೆಗಾಲ ಅತಿ ಹೆಚ್ಚು ಹೊತ್ತು ಸಂಪರ್ಕ ಕಡಿದದ್ದು ಎಷ್ಟು ಗಂಟೆ ಎಂದು ಕೇಳಿ ತಿಳಿದುಕೊಳ್ಳಿ, ಆ ಅಂಕಿಯನ್ನು ಲೆಕ್ಕದ ಮೊದಲ ಸಾಲಿನಲ್ಲಿ ಬರೆಯಿರಿ.